ಹಲಸಿನ ಮರದ ಅಳತೆ

ನಮ್ಮೂರಿಗೆ ಸಂಬಂಧ ಕೇಳಿಕೊಂಡು ಬರುವವರು ಹುಡುಗಿಯ ಓದು, ಹುಡುಗನ ಕೆಲಸ ಎಲ್ಲವನ್ನೂ ಆಮೇಲೆ ವಿಚಾರಿಸುತ್ತಾರೆ. ಜಗಲಿಯ ಮೇಲೆ ಕೂತು, ನೀರು ಕುಡಿದು, ಲೋಟ ಕೆಳಗಿಡುವ ಮೊದಲೇ ಕೇಳುವುದು ಒಂದೇ ಮಾತು: “ನಿಮ್ಮ ಮನೇಲಿ ಮರದವರು ಯಾರು?” ಅದಕ್ಕೆ ತಡವರಿಸದೆ ಉತ್ತರ ಬಂದರೆ ಅರ್ಧ ಮದುವೆ ಆದಂತೆ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಬಂದವರು ಮೆಲ್ಲಗೆ ಚಪ್ಪಲಿ ಹುಡುಕತೊಡಗುತ್ತಾರೆ.

ನಾನು ಮಹದೇವಯ್ಯ, ಈ ಊರಿನ ಟೈಲರ್. ಮರದವರು ಯಾರು ಎಂದು ಹೇಳುವ ಅಧಿಕಾರ ನನ್ನದು, ಅಥವಾ ನನ್ನ ಟೇಪಿನದು. ನಮ್ಮೂರಿನ ಹಣ್ಣಿನ ಮರಗಳಿಗೆ ವಯಸ್ಸಾದ ಹಾಗೆ ಬುಡದಲ್ಲಿ ಪೊಟರೆ ಬೀಳುತ್ತದೆ. ಅದು ಎಲ್ಲ ಊರಲ್ಲೂ ಬೀಳುತ್ತದೆ ಬಿಡಿ. ಆದರೆ ನಮ್ಮೂರಲ್ಲಿ ಅದು ಆ ಮನೆಯ ಯಾರೋ ಒಬ್ಬರ ಅಳತೆಗೆ ಬೀಳುತ್ತದೆ. ಕೂತ ಎತ್ತರ, ಭುಜ, ಬೆನ್ನು, ಸೊಂಟ, ಎಲ್ಲ. ಯಾರಿಗೆ ಸರಿಹೋಗುತ್ತದೋ ಅವರೇ ಮರದವರು. ಬೀಗದ ಕೈ ಅವರ ಸೊಂಟಕ್ಕೆ, ಕೊನೆಯ ಮಾತು ಅವರ ಬಾಯಿಗೆ. ಪ್ರತಿ ಸೋಮವಾರ ಪೊಟರೆಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದುಬರಬೇಕು. ಕೂರದ ವಾರ ಅವರ ಮಾತು ನಡೆಯುವುದಿಲ್ಲ. ವರ್ಷಕ್ಕೊಮ್ಮೆ, ಹಣ್ಣಿನ ಕಾಲ ಮುಗಿದ ಮೇಲೆ, ನಾನು ಮನೆಮನೆಗೆ ಹೋಗಿ ಪೊಟರೆಯನ್ನೂ ಅದರಲ್ಲಿ ಕೂರುವವರನ್ನೂ ಅಳೆಯುತ್ತೇನೆ. ಎರಡೂ ತಾಳೆಯಾದರೆ ಹತ್ತು ಜನರ ಮುಂದೆ “ಸರಿಯಾಗಿದೆ” ಎಂದು ಹೇಳಿ ಅಳತೆ ಪುಸ್ತಕದಲ್ಲಿ ಬರೆದುಕೊಂಡು ಬರುತ್ತೇನೆ.

ಇದರಿಂದ ಊರಿನವರು ಪಟ್ಟ ಪಾಡು ಒಂದೆರಡಲ್ಲ. ಮೇಲಿನ ಕೇರಿಯ ಮೇಷ್ಟ್ರು ತಮ್ಮ ಮನೆಯ ಮಾವಿನ ಪೊಟರೆ ಅಗಲವಾಗುತ್ತಿದ್ದದ್ದನ್ನು ನೋಡಿ, ಅದು ತಮಗೇ ಎಂದುಕೊಂಡು ಮೂರು ಹೊತ್ತೂ ಮುದ್ದೆ ಉಂಡು ಹೊಟ್ಟೆ ಬೆಳೆಸಿದರು. ಕೊನೆಗೆ ಅದು ಸರಿಹೋದದ್ದು ಅವರ ಅತ್ತಿಗೆಗೆ. ಮೇಷ್ಟ್ರ ಹೊಟ್ಟೆ ಇವತ್ತಿಗೂ ಹಾಗೇ ಇದೆ. ನೇರಳೆ ಮರದ ಮನೆಯಲ್ಲಿ ಪೊಟರೆ ಎಂಟು ವರ್ಷದ ಹುಡುಗಿಗೆ ಸರಿಹೋಗಿ, ಅವಳು ಬೆಳೆದು ಅಳತೆ ತಪ್ಪುವ ತನಕ, ಎರಡು ವರ್ಷ ಆ ಮನೆಯವರು ಬೆಳಗಿನ ತಿಂಡಿಗೆ ಕಡಲೆ ಮಿಠಾಯಿ ತಿಂದರು. ಯಾರೂ ಗೊಣಗಲಿಲ್ಲ, ಹಲ್ಲುನೋವು ಮಾತ್ರ ಬಂತು. ಅಳತೆಯ ವಾರ ನನ್ನ ಮನೆಗೂ ಒಬ್ಬಟ್ಟಿನ ಡಬ್ಬಿಗಳು ಬರುತ್ತವೆ. ತಿನ್ನುತ್ತೇನೆ. ತಿಂದ ಮಾತ್ರಕ್ಕೆ ಟೇಪು ಉದ್ದವಾಗುವುದಿಲ್ಲ ಎಂದು ಎಲ್ಲರಿಗೂ ಜಂಬದಿಂದ ಹೇಳಿಕೊಂಡೂ ಬಂದಿದ್ದೆ.

ಟೇಪು ಉದ್ದವಾಗುತ್ತದೆ. ಚೆನ್ನಾಜಮ್ಮನವರ ಮನೆಯಲ್ಲಿ ಮೂರು ವರ್ಷ ಸತತವಾಗಿ ಉದ್ದವಾಯಿತು.

ಚೆನ್ನಾಜಮ್ಮ ಬಾವಿ ಬೀದಿಯ ಹಲಸಿನ ಮರದ ಮನೆಗೆ ಮೂವತ್ತೊಂದು ವರ್ಷದಿಂದ ಮರದವರು. ಮನೆಯಲ್ಲಿ ಮಗ ಶಿವನಂಜಪ್ಪ, ಸೊಸೆ ಸರ್ವಮಂಗಳ. ಚೆನ್ನಾಜಮ್ಮನಿಗೆ ಎಂಬತ್ತು ದಾಟಿತ್ತು. ವಯಸ್ಸಾದಂತೆ ಮರದ ಪೊಟರೆ ಹಿಗ್ಗುತ್ತಿತ್ತು, ಅವರು ಕುಗ್ಗುತ್ತಿದ್ದರು. ಮೂರು ವರ್ಷದ ಹಿಂದೆ, ಬೆವರು ಸುರಿಯುವ ವೈಶಾಖದ ಮಧ್ಯಾಹ್ನ, ಅವರು ನನ್ನ ಅಂಗಡಿಗೆ ಬಂದು, “ಮಾದೇವ, ನಂಗೆ ಬೆನ್ನಿಗೆ ಚಳಿ. ಒಳಗೆ ಹತ್ತಿ ತುಂಬಿ ಒಂದು ರವಿಕೆ ಹೊಲ್ಕೊಡು. ಭುಜಕ್ಕೂ ತುಂಬು, ಭುಜಕ್ಕೂ ಚಳಿ,” ಅಂದರು. ನಾನು ಹಣೆಯ ಬೆವರು ಒರೆಸಿಕೊಂಡು, “ಹೌದವ್ವಾ, ಈ ಸಲ ಚಳಿ ಜಾಸ್ತಿ,” ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ನಾನು ಕತ್ತರಿ ನೋಡಿದೆ. ಅಷ್ಟರಲ್ಲಿ ಎಲ್ಲ ಮಾತೂ ಮುಗಿದಿತ್ತು.

ಆ ವರ್ಷ ಹತ್ತಿಯ ರವಿಕೆ ತೊಟ್ಟು ಅವರು ಪೊಟರೆಯಲ್ಲಿ ಕೂತರು. ಆದರೂ ಎರಡು ಬೆರಳು ಕಮ್ಮಿ. ನಾನು ಟೇಪನ್ನು ಎರಡು ಬೆರಳು ಸಡಿಲ ಹಿಡಿದು “ಸರಿಯಾಗಿದೆ” ಅಂದೆ. ಮುಂದಿನ ವರ್ಷ ಇನ್ನೊಂದು ಪದರ ಹತ್ತಿ, ಅದರ ಮುಂದಿನ ವರ್ಷ ಇನ್ನೊಂದು.

ಯಾಕೆ ಹಾಗೆ ಮಾಡಿದೆ ಎಂದರೆ, ನಾನು ಹೊಸದಾಗಿ ಅಂಗಡಿ ತೆರೆದಾಗ ಮೊದಲು ಬಟ್ಟೆ ತಂದವರು ಅವರು. ಆ ಮೊದಲ ರವಿಕೆಯ ಒಂದು ತೋಳು ಮೊಣಕೈ ತನಕ ಬಂದಿತ್ತು, ಇನ್ನೊಂದು ಮೊಣಕೈ ದಾಟಿ ಹೋಗಿತ್ತು. ಅವರು ಅದನ್ನೇ ತೊಟ್ಟು ತಂಗಿಯ ಮಗನ ಮದುವೆಗೆ ಹೋಗಿ, ಕೇಳಿದವರಿಗೆಲ್ಲ “ಈಗ ಹಿಂಗೇ ಫ್ಯಾಷನ್ನು” ಅಂದರಂತೆ. ಎರಡು ತಿಂಗಳು ಊರ ಹೆಂಗಸರು ಒಂದು ತೋಳು ಉದ್ದದ ರವಿಕೆ ಹೊಲಿಸಿಕೊಂಡರು. ಅಂಥವರಿಗೆ “ಅವ್ವಾ, ನೀವು ಸಣ್ಣಗಾಗಿದ್ದೀರಿ, ಇಳೀರಿ” ಎಂದು ಹತ್ತು ಜನರ ಮುಂದೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಅದು ತಪ್ಪು. ಗೊತ್ತಿದ್ದೇ ಮಾಡಿದೆ.

ಇನ್ನೊಂದು ವಿಷಯವೂ ಗೊತ್ತಿತ್ತು. ಪೊಟರೆಯೊಳಗೆ ಮೊದಲ ಸಲ ಟೇಪು ತಪ್ಪಿದ ದಿನವೇ ಆ ಅಂಕಿಗಳನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಅಂಗಡಿಗೆ ಬಂದು ಹಳೆಯ ಪುಸ್ತಕ ತಿರುವಿದೆ. ಎಡಭುಜ ಅರ್ಧ ಇಂಚು ಇಳಿಜಾರು. ಈ ಊರಲ್ಲಿ ಅಂಥ ಭುಜ ಒಂದೇ. ಇಪ್ಪತ್ತೆರಡು ವರ್ಷ ಎಡಗಡೆಯ ಸೊಂಟದಲ್ಲಿ ಕೊಡ ಹೊತ್ತ ಭುಜ. ಸೊಸೆ ಸರ್ವಮಂಗಳಳದು. ಆದರೆ ಟೈಲರ್ ಆದವನು ಹೆಂಗಸರ ಅಳತೆಯನ್ನು ಬಾಯಿಬಿಟ್ಟು ಹೇಳಬಾರದು, ಅದು ನಮ್ಮ ಕಸುಬಿನ ಮರ್ಯಾದೆ. ಪೊಟರೆಯಲ್ಲಿ ಬಂದು ಕೂತರೆ ಅಳೆದು ಸರಿ ಅನ್ನಬಹುದು; ಅವಳೋ ಆ ಮರದ ಕಡೆ ಹೋಗುತ್ತಿದ್ದದ್ದು ಎಲೆ ಗುಡಿಸುವುದಕ್ಕೆ ಮಾತ್ರ. ಈ ಮರ್ಯಾದೆ ನನ್ನ ಪುಕ್ಕಲುತನಕ್ಕೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ಎಂದು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಶಿವನಂಜಪ್ಪನ ವಿಷಯ ಹೇಳಬೇಕು. ಒಳ್ಳೆಯ ಮನುಷ್ಯ, ಹೆದರಿಕೆಯ ಮನುಷ್ಯ. ಒಂದು ಬೀಗ ಹಾಕಿ ಅದು ಬಿದ್ದಿದೆಯೋ ಇಲ್ಲವೋ ಎಂದು ನೋಡಲು ಇನ್ನೊಂದು ಬೀಗ ಹಾಕುವವನು. ಅವನಿಗೂ ಮರದವರಾಗುವ ಆಸೆ ಇಲ್ಲದೇ ಇರಲಿಲ್ಲ. ಒಂದು ಸಲ ಯಾರೂ ಇಲ್ಲದಾಗ ಪೊಟರೆಯಲ್ಲಿ ಕೂತು ನೋಡಲು ಹೋಗಿ ಹೊಟ್ಟೆಯ ಹತ್ತಿರ ಸಿಕ್ಕಿಹಾಕಿಕೊಂಡ. ನಾನೇ ಹೋಗಿ ಅಂಗಿ ಕತ್ತರಿಸಿ ಬಿಡಿಸಿದೆ. “ಯಾರಿಗೂ ಹೇಳ್ಬೇಡ ಮಾದೇವಣ್ಣ,” ಅಂದ. ಇವತ್ತಿನ ತನಕ ಹೇಳಿರಲಿಲ್ಲ.

ಅವನನ್ನು ಹಾಳು ಮಾಡಿದ್ದು ಬೇರೆ ಊರಿಂದ ಬಂದ ಒಬ್ಬ ನೆಂಟ. ಮಾಘಮಾಸದಲ್ಲಿ ಬಂದವನು ಹಿತ್ತಲಿಗೆ ಹೋಗಿ, ಆ ಹಲಸಿನ ಮರದೊಳಗೆ ಚೆನ್ನಾಜಮ್ಮ ಕಾಲು ಮಡಿಸಿ ಕೂತು ಅಡಿಕೆ ಕತ್ತರಿಸುತ್ತಿದ್ದದ್ದನ್ನು ನೋಡಿ ಗಾಬರಿಯಾದ. “ಅಲ್ರೀ, ಒಳಗೆಲ್ಲ ಖಾಲಿ ಆಗಿರೋ ಮರ, ಇವತ್ತು ನಾಳೆ ಬೀಳುತ್ತೆ. ಇದರ ಒಳಗೆ ಹೆತ್ತ ತಾಯಿನ ಕೂರಿಸಿದ್ದೀರಲ್ರೀ!” ಎಂದು ಹೇಳಿ, ಹೋಳಿಗೆ ಉಂಡು ಹೊರಟುಹೋದ. ಶಿವನಂಜಪ್ಪ ಅವತ್ತಿನಿಂದ ಗಾಳಿ ಬೀಸಿದರೆ ಹಿತ್ತಲಿಗೆ ಓಡಿ ಮರ ನೋಡುತ್ತಿದ್ದ.

ಚೆನ್ನಾಜಮ್ಮ ಮೂರು ದಿನ ತಂಗಿಯ ಮನೆಗೆ ಹೋದದ್ದೇ ತಡ, ಅವನು ಗಾರೆ ಕೆಲಸದ ಸಣ್ಣಯ್ಯನನ್ನು ಕರೆಸಿದ. “ಅವ್ವ ಹೇಳಿದ್ದಾಳೆ, ತುಂಬಿಸಿಬಿಡು,” ಅಂದ. ಮರದವರ ಮಾತು ಎಂದ ಮೇಲೆ ಸಣ್ಣಯ್ಯ ಎರಡು ಮಾತಾಡಲಿಲ್ಲ. ಜಲ್ಲಿ, ಮರಳು, ಸಿಮೆಂಟು ಕಲಸಿ, ಪೊಟರೆಯ ಬಾಯಿಗೆ ಹಲಗೆ ಅಡ್ಡ ಕೊಟ್ಟು, ಒಂದು ಮೂಲೆಯನ್ನೂ ಬಿಡದೆ ತುಂಬಿದ. ಮೇಲೆ ಕರಣೆಯಿಂದ ನುಣ್ಣಗೆ ಸವರಿ, ಕೆಲಸದ ಮೇಲಿನ ಪ್ರೀತಿಗೆ ಇಸವಿಯನ್ನೂ ಕೆತ್ತಿದ.

ವಾಪಸು ಬಂದ ಚೆನ್ನಾಜಮ್ಮ ಮರದ ಮುಂದೆ ನಿಂತರು. ಮಗ ಹಿಂದೆ ನಿಂತು, “ನಿನ್ನ ಮೇಲೆ ಬೀಳಬಾರದು ಅಂತ ಅವ್ವಾ... ಈಗ ಗಟ್ಟಿಯಾಯ್ತು ನೋಡು,” ಅಂದ. ಅವರು ಬೈಯಲಿಲ್ಲ. ಸೊಂಟದಿಂದ ಬೀಗದ ಕೈ ತೆಗೆದು ಗೋಡೆಯ ಗೂಡಿನಲ್ಲಿಟ್ಟು ಒಳಗೆ ಹೋಗಿ ಮಲಗಿಕೊಂಡರು. ಬೈದಿದ್ದರೆ ಶಿವನಂಜಪ್ಪ ಬದುಕಿಕೊಳ್ಳುತ್ತಿದ್ದ.

ಆಮೇಲೆ ಆ ಮನೆ ನಿಂತುಹೋಯಿತು. ಕೂರಲು ಪೊಟರೆ ಇಲ್ಲ, ಆದ್ದರಿಂದ ಮರದವರಿಲ್ಲ, ಆದ್ದರಿಂದ ಯಾರ ಮಾತೂ ಕೊನೆಯ ಮಾತಲ್ಲ. ಸಾರು ಮಾಡುವುದೋ ಹುಳಿ ಮಾಡುವುದೋ ಎಂದು ತೀರ್ಮಾನವಾಗದೆ ದಿನವೂ ಗಂಜಿ ಕುಡಿದರು. ಅರ್ಧ ಸುಣ್ಣ ಹೊಡೆದ ಗೋಡೆ ಅರ್ಧಕ್ಕೇ ಉಳಿಯಿತು. ಹಸು ಕರು ಹಾಕಿತು. ಹೆಸರಿಡುವವರಿಲ್ಲದೆ ಅದನ್ನು “ಏಯ್” ಎಂದು ಕರೆದರು, ಅದು ಬಾಲ ಎತ್ತಿಕೊಂಡು ಬಂತು. ಗೋಡೆಯ ಕ್ಯಾಲೆಂಡರಿನಲ್ಲಿ ಮಾಘ ಮುಗಿಯಲೇ ಇಲ್ಲ.

ಊರಿನವರು ಮೊದಮೊದಲು ನಕ್ಕರು, ನಾನೂ ನಕ್ಕೆ. ಚೈತ್ರ ಬರುವಷ್ಟರಲ್ಲಿ ನಗು ನಿಂತಿತು. ಕೊಂಬೆ ತುಂಬ ಕಚ್ಚಿದ್ದ ಎಳೆ ಹಲಸು ಒಂದೊಂದೇ ಕಪ್ಪಾಗಿ ಉದುರತೊಡಗಿತು. ಚಿಗುರುವ ಕಾಲದಲ್ಲಿ ಎಲೆ ಹಳದಿಯಾಯಿತು. ಸಿಮೆಂಟಿನ ಅಂಚಿನಲ್ಲಿ ಸಣ್ಣ ಸಂದು ಬಿಟ್ಟು ಅದರಿಂದ ಕಂದು ನೀರು ಒಸರುತ್ತಿತ್ತು, ಹುಳಿ ವಾಸನೆ. ನೂರು ವರ್ಷದಿಂದ ಒಂದು ಬೇಸಿಗೆಯೂ ತಪ್ಪದೆ ಬಾವಿ ಬೀದಿಗೆಲ್ಲ ತೊಳೆ ತಿನ್ನಿಸಿದ ಮರ ಅದು. ನೋಡಲು ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಶಿವನಂಜಪ್ಪ ನನ್ನನ್ನೂ, ಸಣ್ಣಯ್ಯನನ್ನೂ, ಮೇಷ್ಟ್ರೂ ಸೇರಿ ಊರಿನ ಹತ್ತು ಹಿರಿಯರನ್ನೂ ಹಿತ್ತಲಲ್ಲಿ ಸೇರಿಸಿದ. ಚೆನ್ನಾಜಮ್ಮ ಕೋಲೂರಿಕೊಂಡು ಬಂದು ಬಾವಿಕಟ್ಟೆಯ ಮೇಲೆ ಕೂತರು. ಸರ್ವಮಂಗಳ ಬಾಗಿಲ ಹತ್ತಿರ ನಿಂತಳು.

“ಗಟ್ಟಿ ಮಾಡೋಣ ಅಂತ ತುಂಬಿದೆ,” ಅಂದ ಶಿವನಂಜಪ್ಪ. ಅವನ ಕಣ್ಣು ಕೆಂಪಾಗಿತ್ತು. “ಖಾಲಿ ಇದ್ದಾಗ ಚೆನ್ನಾಗಿತ್ತು, ತುಂಬಿದ ಮೇಲೆ ಸಾಯ್ತಾ ಇದೆ. ಇದೇನು ಅಂತ ನಂಗೆ ಅರ್ಥವೇ ಆಗ್ತಿಲ್ಲ.”

ಎರಡು ತಿಂಗಳಿಂದ ತುಟಿ ಬಿಚ್ಚದಿದ್ದ ಚೆನ್ನಾಜಮ್ಮ ಈಗ ಬಾಯಿ ಬಿಟ್ಟರು. “ಮರದ ಜೀವ ಎಲ್ಲಿರುತ್ತೆ ಅಂದ್ಕೊಂಡಿದ್ದೀಯ? ನಡುಮಧ್ಯೆ? ನಡುವಿನ ತಿರುಳು ಯಾವತ್ತೋ ಸತ್ತಿರುತ್ತಪ್ಪಾ. ನೀರು ಏರೋದು, ಅನ್ನ ಇಳಿಯೋದು ಎಲ್ಲಾ ತೊಗಟೆ ಕೆಳಗೆ, ಇಷ್ಟೇ ಇಷ್ಟು ದಪ್ಪದಲ್ಲಿ,” ಎಂದು ಎರಡು ಬೆರಳು ತೋರಿಸಿದರು. “ವಯಸ್ಸಾದ ಮೇಲೆ ಮರಕ್ಕೆ ಆ ಸತ್ತದ್ದನ್ನ ಹೊತ್ಕೊಂಡು ನಿಲ್ಲೋ ಕೆಲಸ ಯಾಕೆ? ಹುಳ ತಿನ್ನುತ್ತೆ, ಪುಡಿ ಆಗುತ್ತೆ, ಆ ಪುಡಿನೇ ಗೊಬ್ಬರ. ನಾನು ಕೂರೋ ಜಾಗದಲ್ಲಿ ಕೂದಲಿನಂಥ ಬೇರು ಬಿಟ್ಟಿತ್ತು, ತನ್ನ ಪುಡಿನ ತಾನೇ ತಿನ್ನೋದಕ್ಕೆ. ಗಾಳಿ ಬಂದ್ರೆ ಬಳುಕ್ತಿತ್ತು. ಈಗ ನೀನು ಬಳುಕದೇ ಇರೋದನ್ನ ಒಳಗೆ ತುರುಕಿದ್ದೀಯ. ಮರ ಆಡುತ್ತೆ, ಅದು ಆಡಲ್ಲ. ಮಧ್ಯೆ ಸಂದು ಬಿಟ್ಟು ನೀರು ನಿಂತು, ಚೆನ್ನಾಗಿರೋದೂ ಕೊಳೀತಾ ಇದೆ.”

ನನಗೆ ನನ್ನ ಕಸುಬಿನ ರೀತಿಯಲ್ಲೇ ಅದು ತಿಳಿಯಿತು. ಕೋಟು ಎಂದರೆ ಬಟ್ಟೆ. ಒಳಗಡೆ ಖಾಲಿ ಇರುವುದು ಕೋಟಿನ ಕಾಯಿಲೆಯಲ್ಲ.

“ಹಾಗಾದ್ರೆ ಒಡೀರಿ!” ಅಂದರು ಹಿರಿಯರು. ಸಣ್ಣಯ್ಯ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. “ಒಂದು ಸಲ ಸುಳ್ಳು ಮಾತು ನಂಬಿ ಕೆಟ್ಟಿದ್ದೀನಿ. ಮರದವರು ಬಾಯಲ್ಲಿ ಹೇಳೋ ತನಕ ನಾನು ಆ ಮರ ಮುಟ್ಟಲ್ಲ.”

ಶಿವನಂಜಪ್ಪ ನನ್ನ ಕೈ ಹಿಡಿದುಕೊಂಡ. “ಮಾದೇವಣ್ಣ, ಪೊಟರೆ ಇಲ್ದಿದ್ರೂ ನಿನ್ನ ಪುಸ್ತಕ ಇದೆಯಲ್ಲ. ಹೋದ ವರ್ಷ ಬರೆದದ್ದು ಓದು. ಅವ್ವನಿಗೆ ಸರಿಹೋಗಿತ್ತು ಅಂತ ಹೇಳು. ಅವ್ವ ಒಂದು ಮಾತು ಹೇಳ್ತಾಳೆ, ಒಡೀತೀವಿ.”

ಪುಸ್ತಕ ಕಂಕುಳಲ್ಲೇ ಇತ್ತು. ಅದರಲ್ಲಿ ಇದ್ದದ್ದು ಸುಳ್ಳು. ಆದರೆ ಆ ಸುಳ್ಳು ಓದಿದರೆ ಮರ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಇಷ್ಟು ಅನುಕೂಲವಾದ ಸುಳ್ಳು ನನ್ನ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಹಾಳೆ ತಿರುವಿ, ಗಂಟಲು ಸರಿಮಾಡಿಕೊಂಡು, “ಹೋದ ವರ್ಷ, ಆಷಾಢ, ಬಾವಿ ಬೀದಿಯ ಹಲಸಿನ ಮರ...” ಎಂದು ಶುರು ಮಾಡಿದೆ.

“ಸಾಕು ನಿಲ್ಸು ಮಾದೇವ,” ಅಂದರು ಚೆನ್ನಾಜಮ್ಮ. ಸೆರಗಿನ ಕೆಳಗಿಂದ ಒಂದು ಗಂಟು ತೆಗೆದು ಎಲ್ಲರ ಮುಂದೆ ಎಸೆದರು. ಹತ್ತಿಯ ರವಿಕೆ. ಹೊಲಿಗೆ ಬಿಚ್ಚಿದ್ದರು, ಹತ್ತಿ ಹಿತ್ತಲ ತುಂಬ ಹಾರಿತು. ಮೇಷ್ಟ್ರ ಮೀಸೆಯ ಮೇಲೂ ಒಂದು ಎಳೆ ಕೂತಿತು. “ಮೂರು ವರ್ಷದಿಂದ ನಾನು ಆ ಪೊಟರೆಗೆ ಸರಿಹೋಗಿಲ್ಲ. ಹತ್ತಿ ಕಟ್ಕೊಂಡು ಕೂತಿದ್ದೆ. ಇಳಿಯೋದಕ್ಕೆ ಮನಸ್ಸು ಬರಲಿಲ್ಲ. ನಾನು ಹಾಗೆ ಅಂಟ್ಕೊಂಡು ಕೂತಿದ್ದಕ್ಕೇ ನನ್ನ ಮಗ ನಂಗೆ ಹೇಳದೆ ಕಳ್ಳನ ಹಾಗೆ ಗಾರೆಯವನ್ನ ಕರೆಸಬೇಕಾಯ್ತು. ಆ ಸುಳ್ಳಿನ ಮೇಲೆ ಇನ್ನೊಂದು ಮಾತು ಹೇಳಿ ಆ ಮರ ಮುಟ್ಟಿಸಲಾರೆ.”

ಅವರು ನನ್ನ ಹೆಸರು ಹೇಳಲಿಲ್ಲ. ಹೇಳದಿದ್ದದ್ದನ್ನೇ ನನಗೆ ತಡೆಯಲಾಗಲಿಲ್ಲ. “ಆ ರವಿಕೆ ಹೊಲಿದವನು ನಾನು,” ಅಂದೆ. “ಟೇಪು ಸಡಿಲ ಹಿಡಿದವನೂ ನಾನೇ.”

ಯಾರೋ ಥೂ ಅಂದರು. ಯಾರೋ ತಾವು ಕಳಿಸಿದ್ದ ಒಬ್ಬಟ್ಟು ನೆನೆಸಿಕೊಂಡು ನಿಟ್ಟುಸಿರು ಬಿಟ್ಟರು. ಆಮೇಲೆ ಹಿರಿಯರೊಬ್ಬರು, “ಹಾಗಾದ್ರೆ ಅದು ಯಾರ ಅಳತೆ? ನಿಂಗೆ ಗೊತ್ತಿರಬೇಕಲ್ಲ, ಹೇಳು,” ಅಂದರು. ಎಲ್ಲರೂ ನನ್ನ ಬಾಯಿ ನೋಡಿದರು. ಹತ್ತು ಗಂಡಸರ ನಡುವೆ ನಿಂತು ಒಬ್ಬ ಹೆಂಗಸಿನ ಅಳತೆ ಹೇಗೆ ಹೇಳುವುದು? ಹೇಳಿದರೂ, ಇಷ್ಟಾದ ಮೇಲೆ ನನ್ನ ಮಾತನ್ನು ಯಾರು ನಂಬಬೇಕು? ನಾನು ಬಾವಿಯ ಗಡಗಡೆಯನ್ನು ನೋಡುತ್ತ ನಿಂತೆ. ಮರದಿಂದ ಇನ್ನೊಂದು ಎಳೆ ಹಲಸು ದೊಪ್ಪನೆ ಬಿತ್ತು.

ಆಗ ಸರ್ವಮಂಗಳ ಬಾಗಿಲ ಹಿಂದಿನಿಂದ ಹಾರೆ ತೆಗೆದುಕೊಂಡು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

“ಮಂಗಳಮ್ಮ, ಮರದವರ ಮಾತಿಲ್ಲದೆ ಮರ ಮುಟ್ಟಬಾರದು!” ಎಂದ ಸಣ್ಣಯ್ಯ.

“ಮರ ಯಾರು ಮುಟ್ತಾರೆ ಸಣ್ಣಯ್ಯ? ನಾನು ಸಿಮೆಂಟ್ ಮುಟ್ತೀನಿ,” ಅಂದಳು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಮೆಂಟಿನ ಬಗ್ಗೆ ನಮ್ಮೂರಲ್ಲಿ ಯಾವ ಕಟ್ಟಳೆಯೂ ಇರಲಿಲ್ಲ. ಅವಳು ನೀರು ಒಸರುತ್ತಿದ್ದ ಸಂದಿಗೆ ಹಾರೆಯ ತುದಿ ಇಟ್ಟಳು. “ಪೊಟರೆ ಬಾಯಿ ಸುತ್ತ ದಪ್ಪ ತುಟಿ ಇದೆಯಲ್ಲ, ಅದಕ್ಕೆ ತಾಗಿಸಬೇಡ ಕಣೇ,” ಎಂದು ಚೆನ್ನಾಜಮ್ಮ ಕಟ್ಟೆಯಿಂದ ಕೂಗಿದರು, “ಜೀವ ಇರೋದು ಅಲ್ಲೇ.” ಸರ್ವಮಂಗಳ ಹಾರೆಗೆ ಗೋಣಿತಾಟು ಸುತ್ತಿ, ಮೆಲ್ಲಗೆ ಮೀಟಿದಳು. ಒಳಗೆ ಏನೋ ಅಲುಗಿತು. ಅದನ್ನು ಕೇಳಿ ಸಣ್ಣಯ್ಯನ ಕೈ ತಡೆಯಲಿಲ್ಲ, ಅವನೂ ಹಾರೆ ತಂದ. ಶಿವನಂಜಪ್ಪ ಹಗ್ಗ ತಂದ. ಮೇಷ್ಟ್ರು ಹೊಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು ಹಗ್ಗದ ತುದಿ ಹಿಡಿದರು. ಆ ಹೊಟ್ಟೆಯ ಭಾರ ಆ ದಿನ ಒಂದು ಉಪಯೋಗಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಸಿಮೆಂಟು ತುಂಡಾಗದೆ, ಹಾಗೇ ಇಡಿಯಾಗಿ ಜಾರಿ ಹೊರಗೆ ಬಂದು ಹಿತ್ತಲ ಮಣ್ಣಿನ ಮೇಲೆ ಕೂತಿತು.

ಕೂತಿತು ಎಂದೇ ಹೇಳಬೇಕು. ಸಣ್ಣಯ್ಯ ಒಂದು ಮೂಲೆಯನ್ನೂ ಬಿಡದೆ ತುಂಬಿದ್ದನಲ್ಲ, ಪೊಟರೆಯ ಒಳಗಿನ ಆಕಾರವೆಲ್ಲ ಅದರಲ್ಲಿ ಬಂದಿತ್ತು. ಮಡಿಸಿದ ಕಾಲು, ಸ್ವಲ್ಪ ಬಾಗಿದ ಬೆನ್ನು, ಕತ್ತಿನ ಹಿಂದೆ ತುರುಬಿಗೆ ಬಿಟ್ಟ ಜಾಗ. ಎಡಭುಜ ಅರ್ಧ ಇಂಚು ಇಳಿಜಾರು. ಎಡಸೊಂಟದಲ್ಲಿ ಕೊಡ ಕೂರುವಷ್ಟು ತಗ್ಗು. ಅದರ ಪಕ್ಕದಲ್ಲಿ ಸರ್ವಮಂಗಳ ಹಾರೆ ಊರಿಕೊಂಡು ಏದುಸಿರು ಬಿಡುತ್ತ ನಿಂತಿದ್ದಳು, ಎಡಭುಜ ಇಳಿಬಿಟ್ಟು.

“ಅಯ್ಯೋ, ಇದು ನಮ್ಮ ಮಂಗಳ!” ಅಂದ ಶಿವನಂಜಪ್ಪ. ಅವನ ದನಿಯಲ್ಲಿ ಹೊಟ್ಟೆಕಿಚ್ಚು ಹುಡುಕಿದೆ, ಸಿಗಲಿಲ್ಲ. ದಾರಿ ತಪ್ಪಿದ್ದವನಿಗೆ ಮನೆ ಕಂಡ ಹಾಗಿತ್ತು ಮುಖ.

ನಾನು ಒಂದೂ ಅಂಕಿ ಹೇಳಬೇಕಾಗಲಿಲ್ಲ. ಅವಳು ಒದ್ದೆ ಪೊಟರೆಯನ್ನು ಸೆರಗಿನಿಂದ ಒರೆಸಿ, ಅತ್ತೆಯ ಮುಖ ನೋಡಿದಳು. ಚೆನ್ನಾಜಮ್ಮ ತಲೆಯಾಡಿಸಿದರು. ಅವಳು ಒಳಗೆ ಕಾಲು ಮಡಿಸಿ ಕೂತಳು. ಮರಕ್ಕೂ ಅವಳ ಬೆನ್ನಿಗೂ ನಡುವೆ ನನ್ನ ಟೇಪು ಬಿಗಿಯಾಗಿ ಹೋಯಿತು, ಸಡಿಲವಿರಲಿಲ್ಲ. “ಸರಿಯಾಗಿದೆ,” ಅಂದೆ. ಮೂರು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಆ ಮಾತು ಹೇಳುವಾಗ ನನ್ನ ಕಿವಿ ಬಿಸಿಯಾಗಲಿಲ್ಲ.

ಹೊಸ ಮರದವರ ಮೊದಲ ಮಾತು ಕೇಳಲು ಎಲ್ಲರೂ ಕಾಯುತ್ತ ನಿಂತೆವು. ಅವಳು ಹೊರಗಿದ್ದ ಸಿಮೆಂಟಿನ ಸರ್ವಮಂಗಳಳನ್ನು ಸ್ವಲ್ಪ ಹೊತ್ತು ನೋಡಿದಳು. “ಅದನ್ನ ಬಚ್ಚಲ ಹತ್ರ ಹಾಕ್ರಿ, ಬಟ್ಟೆ ಒಗೆಯೋಕೆ ಆಗುತ್ತೆ. ನಾಳೆಯಿಂದ ಇವರೇ ಒಗೀತಾರೆ,” ಎಂದು ಗಂಡನ ಕಡೆ ಕಣ್ಣು ತೋರಿಸಿದಳು. ಶಿವನಂಜಪ್ಪ ಆಗಲೇ ಹಗ್ಗ ಕಟ್ಟತೊಡಗಿದ್ದ. “ಇವತ್ತು ಹುಳಿ ಮಾಡೋಣ. ಕರುವಿಗೆ ‘ಏಯ್’ ಅನ್ನೋದೇ ಇರಲಿ, ಅದಕ್ಕೆ ಅಭ್ಯಾಸ ಆಗಿದೆ.” ಆಮೇಲೆ ನನ್ನ ಕಡೆ ತಿರುಗಿದಳು. “ಮಾದೇವಣ್ಣ, ಅತ್ತೆಗೆ ಒಂದು ಹೊಸ ರವಿಕೆ ಹೊಲೀರಿ. ತೆಳು ಬಟ್ಟೆದು, ಹತ್ತಿ ಬೇಡ. ಅವರು ಈಗ ಎಷ್ಟಿದ್ದಾರೋ ಅಷ್ಟಕ್ಕೇ.”

ನಾನು ಬಾವಿಕಟ್ಟೆಯ ಹತ್ತಿರ ಹೋದೆ. ಚೆನ್ನಾಜಮ್ಮ ಕೈ ಎತ್ತಿ ನಿಂತರು. ಟೇಪು ಸುತ್ತಿ ಹಿಡಿದೆ. ಹತ್ತಿಯ ಮೇಲಿಂದ ಅಳೆಯುತ್ತಿದ್ದ ನನಗೆ ಅವರು ಇಷ್ಟು ಸಣ್ಣಗಾಗಿದ್ದು ಗೊತ್ತಿರಲೇ ಇಲ್ಲ.

“ಎಷ್ಟಯ್ಯಾ?” ಅಂದರು.

ಅವರ ಅಳತೆ ಅವರಿಗೆ ಹೇಳಲು ಯಾವ ಮರ್ಯಾದೆಯೂ ಅಡ್ಡ ಬರುವುದಿಲ್ಲ. ಕಿವಿಯ ಹತ್ತಿರ ಬಾಗಿ ಇದ್ದದ್ದು ಇದ್ದ ಹಾಗೇ ಹೇಳಿದೆ.

“ಅಷ್ಟೇನಾ ಉಳಿದಿರೋದು ನಾನು?” ಅಂದರು ಚೆನ್ನಾಜಮ್ಮ, ನನಗಲ್ಲ.

ಮರದೊಳಗಿಂದ ಸರ್ವಮಂಗಳ ಅಂದಳು, “ತೊಗಟೆ ಇದ್ರೆ ಸಾಕು ಅಂತ ಬೆಳಿಗ್ಗೆ ತಾನೆ ನೀವೇ ಅಂದ್ರಲ್ಲ ಅತ್ತೆ.”

ಮುದುಕಿ ನಕ್ಕುಬಿಟ್ಟರು. ನಕ್ಕಾಗ ಟೇಪು ನನ್ನ ಬೆರಳಿನ ನಡುವೆ ಒಂದಿಷ್ಟು ಹಿಗ್ಗಿತು. ನಾನು ಅವರ ನಗು ನಿಲ್ಲುವ ತನಕ ಕಾದು, ಮತ್ತೊಮ್ಮೆ ಬಿಗಿಯಾಗಿ ಹಿಡಿದು ಅಳೆದು, ಪುಸ್ತಕದಲ್ಲಿ ಬರೆದುಕೊಂಡೆ.